ಎರಡು ದೋಣಿಯಲ್ಲಿ ಕಾಲಿಟ್ಟು ಲಿನಕ್ಸ್ ಕಲಿತದ್ದು

ನಮ್ಮ ಮನೆಯ ಲ್ಯಾಪ್‌ಟಾಪ್ 2017ರದ್ದು. ಏಳನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಕಾರ್ಡ್. ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಚಾರ್ಜರ್ ಚುಚ್ಚಿಯೇ ಇರುತ್ತದೆ. ಆದರೂ ಡಿಟಿಪಿ ಅಂಗಡಿಯ ಶಟರ್ ಎಳೆದು ಮನೆಗೆ ಬಂದಮೇಲೆ ಒಂದು ಗಂಟೆ ಏಜ್ ಆಫ್ ಎಂಪೈರ್ಸ್ 2 ಆಡಲು ಅಷ್ಟು ಧಾರಾಳ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ನನ್ನ ಪ್ರೊಸೆಸರ್ ಒಂದು ತಲೆಮಾರು ಹಳತು. ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ವರ್ಷ ಕಳೆದ ಮೇಲೆ ಮತ್ತೆ ಇದೇ ತಲೆನೋವು. "ಹೊಸದು ತಗೊಳ್ಳಿ ಮಾವ" ಅಂದ ಅಕ್ಕನ ಮಗ. ಹೇಳುವವನಿಗೇನು!

ದೀಪಾವಳಿಗೆ ಅಂಗಡಿ ಮೂರು ದಿನ ಮುಚ್ಚಿತ್ತು. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್; ಅದರ ಒಂದು ಬಗೆಯಾದ ಲಿನಕ್ಸ್ ಮಿಂಟ್ 22.2 ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಕೂತೆ. ಮಿಂಟೇ ಯಾಕೆ ಅಂದರೆ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಕೈಗೆ ಹೊಸದು ಅನ್ನಿಸುವುದಿಲ್ಲ. ಮತ್ತೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ವೈಫೈ, ಸೌಂಡು, ಪ್ರಿಂಟರ್ ಎಲ್ಲ ನೋಡಿದೆ. ಪ್ರಿಂಟರ್ ತಾನಾಗಿಯೇ ಸಿಕ್ಕಿತು. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಗಂಟೆಗಟ್ಟಲೆ ಒದ್ದಾಡಿದವನಿಗೆ ಅದೇ ದೊಡ್ಡ ಪಟಾಕಿ.

ಆದರೆ ಧೈರ್ಯ ಸಾಲಲಿಲ್ಲ. ವಿಂಡೋಸನ್ನು ತೆಗೆಯದೆ 256 ಜಿಬಿಯ ಎಸ್‌ಎಸ್‌ಡಿಯಲ್ಲಿ 100 ಜಿಬಿ ಬಿಡಿಸಿ ಲಿನಕ್ಸ್‌ಗೆ ಕೊಟ್ಟೆ. ಆಟಗಳಿದ್ದ 1 ಟಿಬಿ ಹಾರ್ಡ್‌ಡಿಸ್ಕ್ ಇಬ್ಬರಿಗೂ ಸಾಮಾನ್ಯ ಅಂತ ವಿಂಡೋಸ್ ಫೈಲು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲೇ ಬಿಟ್ಟೆ. ಮುಂದೆ ಆದ ಫಜೀತಿಯಲ್ಲಿ ಮುಕ್ಕಾಲು ಪಾಲು ಈ ನಿರ್ಧಾರದ್ದೇ.

ಮೊದಲನೆಯದು ಮಾತ್ರ ನನ್ನ ಕಾಫಿಯದ್ದು. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ (ವಿಡಿಯೋ, ಹಾಡು ತೆರೆಯುವ ಸಾಧನ) ಬೇಕು ಎಂದು ಟಿಕ್ ಹಾಕಿದರೆ, ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರನ್ನು ಶುರುವಿನಲ್ಲೇ ತಡೆಯುವ ಕಾವಲು) ಆನ್ ಇರುವ ಯಂತ್ರದಲ್ಲಿ ಒಂದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟೆ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತು ಎಂದು ಹತ್ತು ಸೆಕೆಂಡ್ ಕಾಯುತ್ತದಂತೆ. ಒತ್ತಿ, 'ಎನ್‌ರೋಲ್ ಮೋಕ್', ಅಂದರೆ ಯಂತ್ರದ ಯಜಮಾನನ ಡಿಜಿಟಲ್ ಕೀ ನೋಂದಾಯಿಸು ಎಂಬುದನ್ನು ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಹೊರಗಿನ ಡ್ರೈವರ್‌ಗಳಿಗೆ ಒಳಗೆ ಪ್ರವೇಶ. ಆ ಹತ್ತು ಸೆಕೆಂಡಿನಲ್ಲಿ ನಾನು ಅಡುಗೆಮನೆಯಲ್ಲಿದ್ದೆ. ವಾಪಸ್ ಬಂದಾಗ ಡೆಸ್ಕ್‌ಟಾಪ್ ಚೆನ್ನಾಗಿಯೇ ಕಾಣುತ್ತಿತ್ತು. ಡ್ರೈವರ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಹಾಕಿದೆ, 'ಹಾಕಿದೆ' ಅಂತಲೇ ತೋರಿಸಿತು. ಆಟ ತೆರೆದರೆ ಕುದುರೆಗಳು ಫೋಟೋ ಆಲ್ಬಮ್ ತಿರುವಿದ ಹಾಗೆ ಓಡಿದವು. ಕಾರ್ಡ್ ಮಲಗಿತ್ತು, ಇಂಟೆಲ್‌ನ ಒಳಗಿನ ಚಿಪ್ಪೇ ಎಲ್ಲ ಎಳೆಯುತ್ತಿತ್ತು. ಮೋಕ್‌ಯುಟಿಲ್ ಎಂಬ ಕಮಾಂಡಿನಿಂದ ಆ ಡಿಜಿಟಲ್ ಕೀಯನ್ನು ಮತ್ತೆ ಸಾಲಿಗೆ ಹಚ್ಚಿ, ಈ ಬಾರಿ ಪರದೆಯ ಮುಂದೆ ಅಲುಗಾಡದೆ ಕೂತೆ. ಅಷ್ಟೇ ಕೆಲಸ. ಆಮೇಲೆ ಆಟ ಕೊಂಡು ಆಡುವ ಆ್ಯಪ್ ಆದ ಸ್ಟೀಮನ್ನು ರೈಟ್ ಕ್ಲಿಕ್ ಮಾಡಿ 'ಡೆಡಿಕೇಟೆಡ್ ಜಿಪಿಯು'ದಲ್ಲಿ ತೆರೆ ಅಂದರೆ ಕಾರ್ಡ್ ಎದ್ದು ಕೂರುತ್ತದೆ.

ಎರಡನೆಯದನ್ನು ಹೇಳಲು ಸ್ವಲ್ಪ ನಾಚಿಕೆ. ಒಂದು ಬೆಳಿಗ್ಗೆ ಹಳೇ ಬಿಲ್ ಹುಡುಕಲು ವಿಂಡೋಸ್ ತೆರೆದೆ. ಗೋಡೆ ಗಡಿಯಾರ 9:10, ಲ್ಯಾಪ್‌ಟಾಪ್‌ನಲ್ಲಿ 3:40. ಸರಿಮಾಡಿದೆ. ರಾತ್ರಿ ಲಿನಕ್ಸ್‌ನಲ್ಲಿ ಆಡಿ ಮರುದಿನ ವಿಂಡೋಸ್ ತೆರೆದರೆ ಮತ್ತೆ ಹಿಂದೆ. ಎಂಟು ವರ್ಷದ ಯಂತ್ರ, ಒಳಗಿನ ಗಡಿಯಾರ ನಡೆಸುವ ಸೀಮಾಸ್ ಸೆಲ್ ಹೋಗಿರಬೇಕು ಅಂದುಕೊಂಡೆ. ಪೇಟೆಯಲ್ಲಿ ತಂತಿ ಬೆಸೆದ ಸಿಆರ್ 2032 ತಂದು, ಹಿಂದಿನ ಹನ್ನೊಂದು ಸ್ಕ್ರೂ ಬಿಚ್ಚಿ, ಬದಲಾಯಿಸಿ, ಮುಚ್ಚಿದೆ. ಮುಚ್ಚಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು, ಅದು ಬೇರೆ ಕತೆ. ಮರುದಿನ ಮತ್ತದೇ ಆಟ. ಆಗ ಲೆಕ್ಕ ಹಾಕಿದೆ: ಪ್ರತಿ ಸಲವೂ ಸರಿಯಾಗಿ ಐದೂವರೆ ಗಂಟೆ. ಐದೂವರೆ ಅಂದ ಕೂಡಲೇ ಭಾರತದಲ್ಲಿ ಹುಟ್ಟಿದವನಿಗೆ ಹೊಳೆಯಬೇಕಿತ್ತು, ಸೆಲ್ ಸತ್ತರೆ ಗ್ರೀನಿಚ್ ಸಮಯ ನೋಡಿಕೊಂಡು ಸಾಯುವುದಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯವನ್ನು ಬರೆದಿಡುತ್ತದೆ, ತೋರಿಸುವಾಗ 5:30 ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಅಲ್ಲಿರುವುದೇ ಊರಿನ ಸಮಯ ಎಂದು ನಂಬುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್ ಈಸ್ ಯೂನಿವರ್ಸಲ್' ಎಂಬ ಮೌಲ್ಯವನ್ನು 1 ಮಾಡಿದೆ, ಜಗಳ ನಿಂತಿತು. ಬಿಚ್ಚಿ ತೆಗೆದ ಹಳೇ ಸೆಲ್ಲಿಗೆ ಮಲ್ಟಿಮೀಟರ್ ಹಿಡಿದರೆ ಈಗಲೂ 3 ವೋಲ್ಟ್ ತೋರಿಸುತ್ತದೆ.

ಇನ್ನು ಆಟದ ಡಿಸ್ಕ್. ಸ್ಟೀಮ್‌ಗೆ ಆ ಹಾರ್ಡ್‌ಡಿಸ್ಕ್ ತೋರಿಸಿದೆ, ಹಳೇ ಆಟಗಳೆಲ್ಲ ಪಟ್ಟಿಯಲ್ಲಿ ಬಂದವು. ಏಜ್ ಆಫ್ ಎಂಪೈರ್ಸ್ ಮೇಲೆ 'ಪ್ಲೇ' ಒತ್ತಿದರೆ ಹಸಿರು ಬಟನ್ ನೀಲಿಯಾಗಿ 'ಸ್ಟಾಪ್' ಎಂದಾಯಿತು, ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ 'ಪ್ಲೇ'. ಎರರ್ ಇಲ್ಲ, ಮಾತಿಲ್ಲ. ಎರಡು ರಾತ್ರಿ ಪ್ರೋಟಾನ್‌ನ ಬೇರೆ ಬೇರೆ ಆವೃತ್ತಿ ಬದಲಿಸುವುದರಲ್ಲೇ ಕಳೆದೆ.

ಪ್ರೋಟಾನ್ ಅಂದರೆ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್ 2018ರ ಆಗಸ್ಟ್‌ನಲ್ಲಿ ಅದಕ್ಕೆ ಸೇರಿಸಿದ ಪದರ. ಅದರ ಹೊಟ್ಟೆಯಲ್ಲಿ ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಿಂದ ಬೆಳೆದುಬಂದ ವೈನ್ ಇದೆ, ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಆಡುವ ಡೈರೆಕ್ಟ್‌ಎಕ್ಸ್ ಮಾತನ್ನು ಲಿನಕ್ಸ್‌ಗೂ ತಿಳಿಯುವ ವಲ್ಕನ್‌ಗೆ ತಿರುಗಿಸಿ ಹೇಳುವ ಡಿಎಕ್ಸ್‌ವಿಕೆ ಇದೆ. ಪ್ರತಿ ಆಟಕ್ಕೂ ಅದು 'ಕಾಂಪ್ಯಾಟ್‌ಡೇಟಾ' ಎಂಬ ಫೋಲ್ಡರಿನೊಳಗೆ ಒಂದು ಬೊಂಬೆ ವಿಂಡೋಸ್ ಕಟ್ಟುತ್ತದೆ, ಅದಕ್ಕೊಂದು ಸಿ ಡ್ರೈವ್ ಸಮೇತ. ಆ ಡ್ರೈವಿನ ಕೊಂಡಿಯ ಹೆಸರೇ ಸಿ ಅಕ್ಷರ, ಮುಂದೆ ಮೇಲೆ-ಕೆಳಗೆ ಎರಡು ಚುಕ್ಕೆ (:). ಹೆಸರಿನಲ್ಲಿ ಆ ಎರಡು ಚುಕ್ಕೆ ಬಂದರೆ ಲಿನಕ್ಸ್‌ನ ಸ್ವಂತ ಫೈಲ್ ಪದ್ಧತಿಯಾದ ಎಕ್ಸ್‌ಟ್4ಗೆ ತಕರಾರಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮಿಂಟ್ ತೆರೆಯುವುದು ವಿಂಡೋಸ್‌ನ ಹೆಸರಿನ ನಿಯಮದಂತೆ, ಅಲ್ಲಿ ಆ ಎರಡು ಚುಕ್ಕೆ ನಿಷಿದ್ಧ. ಬೊಂಬೆಮನೆಗೆ ಬಾಗಿಲೇ ಏಳುವುದಿಲ್ಲ, ಆಟ ಮೌನವಾಗಿ ಸಾಯುತ್ತದೆ. ಸ್ಟೀಮನ್ನು ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡುವ ಕಿಟಕಿಯಿಂದ) ತೆರೆದು ಆಟ ಒತ್ತಿದಾಗ ಓಡುವ ಸಾಲುಗಳ ನಡುವೆ ಇದು ಕಣ್ಣಿಗೆ ಬಿತ್ತು. ನನ್ನ ಅಭಿಪ್ರಾಯದಲ್ಲಿ ಮೊದಲ ದಿನವೇ ಕಲಿಯಬೇಕಾದ ಅಭ್ಯಾಸ ಅದೊಂದೇ: ಸುಮ್ಮನೆ ಸಾಯುವ ಪ್ರೋಗ್ರಾಮನ್ನು ಟರ್ಮಿನಲ್‌ನಲ್ಲಿ ಕೂಗಿ ಕರೆದರೆ, ಸಾಯುವ ಮೊದಲು ಬಾಯಿ ಬಿಡುತ್ತದೆ.

ಕಾಂಪ್ಯಾಟ್‌ಡೇಟಾ ಒಂದನ್ನೇ ಲಿನಕ್ಸ್ ಕಡೆ ಇಟ್ಟು ಕೊಂಡಿ ಹಾಕುವ ಉಪಾಯ ಇದೆ, ನಾನೂ ಹಾಗೇ ಮಾಡಿ ಎರಡು ವಾರ ಆಡಿದೆ. ಆಮೇಲೊಂದು ದಿನ ಆ ಡಿಸ್ಕ್ 'ಓದಲು ಮಾತ್ರ' ಆಯಿತು. ವಿಂಡೋಸ್‌ನಲ್ಲಿ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದೆ ಬಿಟ್ಟಿದ್ದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದದ್ದು ಪೂರ್ತಿ ಶಟ್‌ಡೌನ್ ಅಲ್ಲ, ಅರೆನಿದ್ದೆ. ಡಿಸ್ಕನ್ನು ಹಿಡಿದುಕೊಂಡೇ ಮಲಗುತ್ತದೆ. ಅವತ್ತೇ ತೀರ್ಮಾನಿಸಿದೆ, ಹಾರ್ಡ್‌ಡಿಸ್ಕ್ ಪೂರ್ತಿ ಲಿನಕ್ಸ್‌ಗೆ. ಬೇಕಾದ ಆಟಗಳ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಇದನ್ನು ಎಕ್ಸ್‌ಟ್4ಗೆ ಫಾರ್ಮ್ಯಾಟ್ ಮಾಡಿ, ವಾಪಸ್ ಅದೇ ಜಾಗಕ್ಕೆ ಹಾಕಿ, ಸ್ಟೀಮ್‌ನಲ್ಲಿ 'ಇನ್‌ಸ್ಟಾಲ್' ಒತ್ತಿದೆ. ಇರುವ ಫೈಲುಗಳನ್ನು ಅದು ತಾನೇ ಪರಿಶೀಲಿಸಿ, ಕೊರತೆ ಬಿದ್ದಷ್ಟನ್ನು ಮಾತ್ರ ಇಳಿಸಿಕೊಂಡಿತು. ಹತ್ತಾರು ಜಿಬಿ ಉಳಿಯಿತು. 'ಪ್ಲೇ' ಒತ್ತಿದೆ. ಮೊದಲ ಸಲ ಶೇಡರ್ (ಕಾರ್ಡಿಗೆ ಚಿತ್ರ ಬಿಡಿಸಲು ಹೇಳಿಕೊಡುವ ಪುಟ್ಟ ಪ್ರೋಗ್ರಾಮ್‌ಗಳು) ಸಿದ್ಧ ಮಾಡುತ್ತಾ ಸ್ವಲ್ಪ ಕಾಯಿಸುತ್ತದೆ, ಗಾಬರಿ ಬೇಡ. ಆಮೇಲೆ ಆ ಹಳೇ ಸಂಗೀತ ಶುರುವಾದಾಗ ಹೆಂಡತಿ ಒಳಗಿನಿಂದ "ಅಂತೂ ಆಯ್ತಾ?" ಅಂದಳು.

ಅಲ್ಲಿಂದ ಈಚೆ ಆಟಗಳ ವಿಷಯದಲ್ಲಿ ಹೇಳಿಕೊಳ್ಳುವ ಗೋಳು ಕಡಿಮೆ. ಕೊಳ್ಳುವ ಮೊದಲು, ಪ್ರೋಟಾನ್‌ನಲ್ಲಿ ಯಾವ ಆಟ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ನೋಡುತ್ತೇನೆ: ಪ್ಲಾಟಿನಮ್, ಗೋಲ್ಡ್ ದರ್ಜೆ ಇದ್ದರೆ ಸರಿ. ಅನುಮಾನ ಇದ್ದರೂ ಕೊಂಡು ನೋಡಬಹುದು. ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಡೈರೆಕ್ಟ್‌ಎಕ್ಸ್ 12ರ ಆಟಗಳು ನನ್ನ ಹಳೇ ಕಾರ್ಡಿಗೆ ಭಾರ, ಅವುಗಳ ಆಸೆ ಬಿಟ್ಟಿದ್ದೇನೆ.

ಕನ್ನಡದ್ದೂ ಒಂದು ಮಾತು. ಅಂಗಡಿಯಲ್ಲಿ ವರ್ಷಗಟ್ಟಲೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಕುಟ್ಟಿದ ಬೆರಳುಗಳು, ಒತ್ತಕ್ಷರಕ್ಕೆ ಎಫ್ ಹುಡುಕುತ್ತವೆ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ನುಡಿಯದೇ ಬಗೆಯ ಕಗಪ ಕೀಲಿ ವಿನ್ಯಾಸ ಮೊದಲೇ ಇದೆ, ಏನೂ ಇಳಿಸಬೇಕಿಲ್ಲ. ಹಳೇ ನುಡಿ ಫೈಲುಗಳು ಮಾತ್ರ ಯೂನಿಕೋಡ್ ಅಲ್ಲದ ಕಾರಣ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆಯುತ್ತವೆ. ಆ ಕೆಲಸವೂ ಮದುವೆ ಕಾರ್ಡಿನ ಕೋರೆಲ್‌ಡ್ರಾ ಕೆಲಸವೂ ಅಂಗಡಿಯ ವಿಂಡೋಸ್ ಯಂತ್ರದಲ್ಲೇ ಇವೆ. ಅದನ್ನು ಮುಟ್ಟುವ ಹುಚ್ಚು ನನಗಿಲ್ಲ. ಇಲ್ಲಿ ಎಚ್ಚರ ಬೇಕಾದದ್ದು ಒಂದೇ. ಕನ್ನಡ ಟೈಪ್ ಮಾಡಿ ಕೀಬೋರ್ಡ್ ಬದಲಿಸದೆ ಆಟಕ್ಕೆ ಹೋದರೆ, ಟೌನ್ ಸೆಂಟರ್‌ಗೆ ಹಾರಲು ಎಚ್ ಎಷ್ಟು ಒತ್ತಿದರೂ ಅಲುಗಾಟವಿಲ್ಲ. ಅಷ್ಟರಲ್ಲಿ ಶತ್ರುಗಳು ಗೋಡೆ ಒಡೆದಿರುತ್ತಾರೆ.

ಹಾಗಾದರೆ ಎಸ್‌ಎಸ್‌ಡಿಯಲ್ಲಿ ಇನ್ನೂ ವಿಂಡೋಸ್ ಯಾಕಿದೆ? ಅಕ್ಕನ ಮಗನಿಗಾಗಿ. ಅವನು ಗೆಳೆಯರ ಜೊತೆ ಆಡುವ ಶೂಟಿಂಗ್ ಆಟದ ಆಂಟಿಚೀಟ್, ಅಂದರೆ ಮೋಸದಾಟ ಹಿಡಿಯುವ ಪ್ರೋಗ್ರಾಮ್, ವಿಂಡೋಸ್‌ನ ತಿರುಳಾದ ಕರ್ನೆಲ್ ಒಳಗೇ ಕೂರುವಂಥದ್ದು, ಪ್ರೋಟಾನ್ ಎಷ್ಟು ನಟಿಸಿದರೂ ಅಲ್ಲಿ ನಡೆಯುವುದಿಲ್ಲ. ಆಂಟಿಚೀಟ್ ಇರುವ ಆಟಗಳಲ್ಲಿ ಕೆಲವಕ್ಕೆ ಆಟ ಮಾಡಿದವರೇ ಲಿನಕ್ಸ್‌ಗೆ ಒಪ್ಪಿಗೆ ಕೊಟ್ಟಿದ್ದಾರೆ, ಇದಕ್ಕೆ ಕೊಟ್ಟಿಲ್ಲ. ಅವನು ಶಿವಮೊಗ್ಗದಿಂದ ಬಂದಾಗ ಆ ಕಡೆ ತೆರೆದುಕೊಳ್ಳುತ್ತಾನೆ.

ಸಂಕ್ರಾಂತಿಯ ಮಾರನೇ ದಿನ ಅಂಗಡಿಯಲ್ಲಿದ್ದೆ, ಫೋನ್ ಬಂತು.

"ಮಾವ, ಇಲ್ಲಿ ಇ ಡ್ರೈವ್ ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತಿದೆ. ಕೊಟ್ಟುಬಿಡ್ಲಾ?"

"ಮೌಸ್ ಮೇಲಿಂದ ಕೈ ತೆಗಿ."

"ಆಟ ಹಾಕೋಕೆ ಜಾಗ ಸಾಲ್ತಿಲ್ಲ ಮಾವ, ಅದು 931 ಜಿಬಿ ಖಾಲಿ ಇರೋ ಹಾಗಿದೆ..."

"ಕೈ ತೆಗಿಯೋ ಅಂದೆ!"

ಎಕ್ಸ್‌ಟ್4 ಓದಲು ಬಾರದ ವಿಂಡೋಸ್, ಅಕ್ಷರ ಸಿಕ್ಕ ಡಿಸ್ಕನ್ನೆಲ್ಲ ಹೀಗೇ ಫಾರ್ಮ್ಯಾಟ್ ಮಾಡಲು ಕರೆಯುತ್ತದೆ. ಶಟರ್ ಅರ್ಧ ಎಳೆದು ಮನೆಗೆ ಬಂದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್ನಿನ ಇ ಅಕ್ಷರವನ್ನು ಕಿತ್ತುಹಾಕಿದೆ. ಅಕ್ಷರ ಇಲ್ಲದಿದ್ದರೆ ಅದು ಕೇಳುವುದೂ ಇಲ್ಲ. ಹುಡುಗ ಎಳ್ಳುಬೆಲ್ಲ ಮೆಲ್ಲುತ್ತಾ ಪಕ್ಕದಲ್ಲಿ ನಿಂತು ನೋಡಿದ, ಆಮೇಲೆ ತನ್ನ ಆಟಕ್ಕೆ ಜಾಗ ಮಾಡಲು ನನ್ನ 2019ರ ಬಿಲ್ಲುಗಳ ಫೋಲ್ಡರ್ ಮೇಲೆ ಕಣ್ಣು ಹಾಕಿದ.