ಮನೆಯಲ್ಲೇ ಆರೈಕೆ: ಯಾರು ಮಾಡಬೇಕು, ದುಡ್ಡು ಯಾರು ಕೊಡಬೇಕು?

ಡಿಸ್ಚಾರ್ಜ್ ದಿನ ಡಾಕ್ಟರು ‘ಇನ್ನು ಮನೆಯಲ್ಲೇ ನೋಡ್ಕೊಳ್ಳಿ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದ್ದ ನಮ್ಮ ಅತ್ತೆಯನ್ನು ಮನೆಗೆ ಕರೆತಂದಾಗ ಆ ಮಾತಿನೊಳಗೆ ಎಷ್ಟು ಕೆಲಸ ಅಡಗಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ನಾದಿನಿ ಹೊಲಿಗೆ ಅಂಗಡಿ ಮುಚ್ಚಿದ್ದಳು, ಅವಳಿಗೆ ಸೊಂಟನೋವೂ ಅಂಟಿಕೊಂಡಿತ್ತು. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಮೊದಲ ಹೆಜ್ಜೆ: ಕೆಲಸಗಳನ್ನು ಬರೆದಿಡಿ

ಮಂಚದ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿ. ಎರಡು ದಿನ, ಇಪ್ಪತ್ನಾಲ್ಕು ಗಂಟೆಯೂ ಮಾಡಿದ್ದನ್ನೆಲ್ಲ ಗಂಟೆ ಸಮೇತ ಬರೆಯಿರಿ: ಮಾತ್ರೆ, ಗಂಜಿ, ಡೈಪರ್, ಮೈ ಒರೆಸಿದ್ದು, ರಾತ್ರಿ ಎಷ್ಟು ಸಲ ಎದ್ದದ್ದು. ತಾವಾಗಿ ಹೊರಳಲು ಆಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನುಹುಣ್ಣು ಶುರುವಾಗುತ್ತದೆ. ಮೈ ಒರೆಸುವಾಗ ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದರೂ ಕೆಂಪು ಮಾಸದಿದ್ದರೆ ಅದು ಹುಣ್ಣಿನ ಮೊದಲ ಸೂಚನೆ. ಅಂದೇ ಡಾಕ್ಟರಿಗೆ ತಿಳಿಸಿ.

ಎರಡನೇ ಹೆಜ್ಜೆ: ಯಾವ ಕೆಲಸಕ್ಕೆ ಯಾರು?

ನಮ್ಮಲ್ಲಿ ಬರುವವರೆಲ್ಲರೂ ‘ಹೋಮ್ ನರ್ಸ್’. ಆದರೆ ಎಲ್ಲರೂ ನರ್ಸ್ ಅಲ್ಲ. ಸ್ನಾನ, ಊಟ, ಮಗ್ಗುಲು ಬದಲಿಸುವುದು ಅಟೆಂಡರ್ ಕೆಲಸ. ಇಂಜೆಕ್ಷನ್, ಮೂಗಿನ ನಳಿಕೆ ಬದಲಿಸುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವುದು, ಗಾಯದ ಡ್ರೆಸ್ಸಿಂಗ್ ಇದ್ದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೇ ಬೇಕು. ನರ್ಸಿಂಗ್ ಕೌನ್ಸಿಲ್ ನೋಂದಣಿ ಕೇಳಿ ನೋಡಲು ಸಂಕೋಚಪಡಬೇಡಿ. ಎಷ್ಟೋ ಮನೆಗಳಿಗೆ ದಿನವಿಡೀ ನರ್ಸ್ ಬೇಕಿಲ್ಲ. ಅಟೆಂಡರ್ ಜೊತೆಗೆ ವಾರಕ್ಕೆರಡು ಸಲ ನರ್ಸ್, ಆಗಾಗ ಫಿಸಿಯೋಥೆರಪಿಸ್ಟ್ ಬಂದು ಹೋದರೆ ಸಾಕಾಗುತ್ತದೆ. ಗುಣವಾಗದ ಕ್ಯಾನ್ಸರ್ ಆಗಿದ್ದರೆ ದಾರಿ ಬೇರೆ: ಬೆಂಗಳೂರಿನ ಕರುಣಾಶ್ರಯ ಎಂಬ ಸಂಸ್ಥೆ ಮನೆಗೇ ಬಂದು ಉಚಿತವಾಗಿ ಉಪಶಾಮಕ ಆರೈಕೆ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆ, ಕೊಡುತ್ತದೆ.

ಏಜೆನ್ಸಿಯಿಂದ ಕರೆಸುವುದಾದರೆ ಕೆಲಸದ ಗಂಟೆ, ವಾರದ ರಜೆ, ಬದಲಿ ಜನ ಕಳಿಸುವುದು, ಮುಂಗಡ ವಾಪಸಾಗುವ ಬಗೆ, ಪೊಲೀಸ್ ಪರಿಶೀಲನೆ, ಇಷ್ಟನ್ನೂ ಬರವಣಿಗೆಯಲ್ಲಿ ಪಡೆಯಿರಿ. ಬಂದವರಿಗೆ ಊಟ, ಮಲಗಲು ಜಾಗ, ನಿದ್ದೆಗೆ ಬಿಡುವು ಕೊಡಿ. ರಾತ್ರಿಯೆಲ್ಲ ಎದ್ದವರಿಂದ ಹಗಲಿನ ಕೆಲಸವನ್ನೂ ಕೇಳುವುದು ಅನ್ಯಾಯ.

ಮೂರನೇ ಹೆಜ್ಜೆ: ಸರ್ಕಾರದಿಂದ ಸಿಗುವುದನ್ನು ಕೇಳಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪವಿದೆ. ಕೇರಳದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಕರ್ನಾಟಕ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ತೀರಾ ಸಣ್ಣದು, ಲಕ್ವ ಆ ಪಟ್ಟಿಯಲ್ಲಿಲ್ಲ. ಆದರೂ ಮನೆಯವರ ದುಡಿಮೆಯನ್ನು ದುಡಿಮೆ ಎಂದು ಸರ್ಕಾರ ಒಪ್ಪಿಕೊಂಡದ್ದು ನನಗೆ ದೊಡ್ಡ ಸಂಗತಿ.

ಇದಕ್ಕೆಲ್ಲ ಬುಡ ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಲಕ್ವದಿಂದ ಕೈಕಾಲು ಶಾಶ್ವತವಾಗಿ ಸೋತಿದ್ದರೆ ಅದಕ್ಕೂ ಪ್ರಮಾಣಪತ್ರ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರೆ) ಅಥವಾ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯನ್ನು ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567.

ನಾಲ್ಕನೇ ಹೆಜ್ಜೆ: ಒಡಹುಟ್ಟಿದವರು ಕೂತು ಲೆಕ್ಕ ಹಾಕಿ

ಎಲ್ಲಕ್ಕಿಂತ ಕಷ್ಟದ್ದು ಇದು. ಹೊರಗಿನವರಿಗೆ ತಿಂಗಳ ಸಂಬಳ ತಪ್ಪದೆ ಕೊಡುವ ನಾವು ಮನೆ ಮಗಳಿಗೋ ಸೊಸೆಗೋ ‘ಪುಣ್ಯ ಬರುತ್ತೆ’ ಅಂದು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲಿ ಮಾತೆತ್ತಿದಾಗ ನಾದಿನಿ ಕಣ್ಣೀರು ಹಾಕಿದಳು: “ಅಮ್ಮನ್ನ ನೋಡ್ಕೊಳ್ಳೋದಕ್ಕೆ ಸಂಬಳ ತಗೊಳ್ಳಲಾ ಅತ್ತಿಗೆ?” ನನ್ನ ಗಂಡ, “ಸಂಬಳ ಅಲ್ಲ ಕಣೇ, ಮಿಷನ್ನು ಮೂಲೆಗೆ ಸರಿಸಿದ್ದೀಯಲ್ಲ, ಅದರ ದುಡಿಮೆ ಇದು” ಅಂದರು.

ನಾವು ಮಾಡಿದ್ದು ಹೀಗೆ. ಎರಡು ಏಜೆನ್ಸಿಗಳಲ್ಲಿ ಹನ್ನೆರಡು ಗಂಟೆಯ ಅಟೆಂಡರ್‌ಗೆ ತಿಂಗಳಿಗೆ ಎಷ್ಟೆಂದು ಕೇಳಿದೆವು. ಅದೇ ಮೊತ್ತವನ್ನು ಮೂವರು ಅಣ್ಣಂದಿರು ಅವರವರ ಸಂಪಾದನೆಗೆ ತಕ್ಕಂತೆ ಹಂಚಿಕೊಂಡರು. ಪ್ರತಿ ತಿಂಗಳು ಒಂದನೇ ತಾರೀಖು ಹಣ ಅವಳ ಖಾತೆಗೆ ಹೋಗುತ್ತದೆ. ಔಷಧಿ, ಡೈಪರ್ ಖರ್ಚು ಬೇರೆ, ಇದರಲ್ಲಿ ಬೆರೆಸುವಂತಿಲ್ಲ. ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಆರು ತಿಂಗಳಿಗೊಮ್ಮೆ ಮತ್ತೆ ಕೂರುತ್ತೇವೆ.

ಯಾರಾದರೂ ಕೈ ಎತ್ತಿಬಿಟ್ಟರೆ, ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಗೆಂದೇ ಇರುವ 2007ರ ಕಾಯ್ದೆಯಡಿ ತಂದೆ-ತಾಯಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆ ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ‘ನೋಡಿಕೊಂಡವರಿಗೆ ಮನೆ’ ಎಂಬ ಬಾಯಿಮಾತಿನ ಒಪ್ಪಂದ ಮಾತ್ರ ಬೇಡ. ದಾನಪತ್ರ ಮಾಡುವುದೇ ಆದರೆ ಆರೈಕೆಯ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಅದೇ ಕಾಯ್ದೆಯ 23ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಐದನೇ ಹೆಜ್ಜೆ: ರಜೆ

ಭಾನುವಾರ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಾದಿನಿಗೆ ಬಿಡುವು. ಅಂದಿನ ಪಾಳಿ ಅಣ್ಣಂದಿರದು, ಅವರ ಹೆಂಡತಿಯರದಲ್ಲ. ಮೊದಲ ಭಾನುವಾರ ಅತ್ತೆಯನ್ನು ಮಂಚದಿಂದ ಕುರ್ಚಿಗೆ ಕೂರಿಸಲು ನನ್ನ ಗಂಡನಿಗೆ ಅರ್ಧ ಗಂಟೆ ಹಿಡಿಯಿತು. ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತ ಮೇಲೆ ಈಗ ಐದು ನಿಮಿಷ. ಆ ಹೊತ್ತಿಗೆ ಪಕ್ಕದ ಕೋಣೆಯಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿರುತ್ತದೆ.