ಗಾಲ್ಫ್ ರ‍್ಯಾಂಕಿಂಗ್ ಹೇಳುವ ಟೂಲ್: ಎಐ ಏಜೆಂಟಿಗೆ ಕಟ್ಟಿಕೊಡುವುದು ಹೇಗೆ

ಶಿರಸಿ ಕಡೆಯ ನಮ್ಮ ತೋಟದ ಮನೆಯಲ್ಲಿ ಗಾಲ್ಫ್ ನೋಡುವವರು ಮಾವ ಒಬ್ಬರೇ. 2021ರ ಆಗಸ್ಟ್ 7ರಂದು ಬೆಳಗಿನ ಜಾವ ನಮ್ಮನ್ನೆಲ್ಲ ಎಬ್ಬಿಸಿ ಟಿವಿ ಮುಂದೆ ಕೂರಿಸಿದ್ದರು. ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಆಡುತ್ತಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಆಗ ಅವರ ವಿಶ್ವ ರ‍್ಯಾಂಕು 200.

ಹೋದ ಮಳೆಗಾಲದಲ್ಲಿ ಮಾವ ನನ್ನ ಲ್ಯಾಪ್‌ಟಾಪಿನ ಎಐ ಏಜೆಂಟನ್ನು (ಪ್ರಶ್ನೆಗೆ ಉತ್ತರಿಸುವ, ಕೆಲಸ ಮಾಡಿಕೊಡುವ ಎಐ ಸಹಾಯಕ) ಕೇಳಿದರು, ಅದಿತಿ ಈಗ ಎಷ್ಟನೇ ರ‍್ಯಾಂಕು ಅಂತ. ಅದು ಥಟ್ಟನೆ 200 ಎಂದಿತು. ಮಾವ ನನ್ನ ಕಡೆ ತಿರುಗಿ, "ಇದು ಟೋಕಿಯೋ ನಂಬರ್ ಅಲ್ದನೇ ಕೂಸೆ?" ಎಂದರು.

ಹೌದು, ಅದೇ ನಂಬರ್. ಏಜೆಂಟ್ ಎಲ್ಲೂ ಹೋಗಿ ನೋಡಿರಲಿಲ್ಲ. ಓದಿದ ಹಳೆಯ ಸುದ್ದಿಯಲ್ಲಿ ಇದ್ದದ್ದನ್ನು ಇವತ್ತಿನದು ಎನ್ನುವ ಧಾಟಿಯಲ್ಲಿ ಹೇಳಿತ್ತು. ಅದನ್ನು ಬೈದು ಪ್ರಯೋಜನವಿಲ್ಲ, ನೋಡಲು ಒಂದು ಕಿಟಕಿ ಕೊಡಬೇಕು. ಆ ಕಿಟಕಿಯೇ ಟೂಲ್: ಏಜೆಂಟ್ ಬೇಕಾದಾಗ ಕರೆದು ಮಾಹಿತಿ ತರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ.

ನಾನು ಬಳಸಿದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್). ಏಜೆಂಟುಗಳಿಗೆ ಟೂಲ್ ಜೋಡಿಸಲು ಆಂಥ್ರೊಪಿಕ್ 2024ರ ನವೆಂಬರಿನಲ್ಲಿ ಹೊರತಂದ ಮುಕ್ತ ಪದ್ಧತಿ ಅದು. ಕೋಡ್ ಬರೆಯುವುದು ಕಷ್ಟವಲ್ಲ. ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಬರೆದು ಅದರ ನೆತ್ತಿಯ ಮೇಲೆ "ಇದು ಟೂಲ್" ಎಂದು ಒಂದು ಸಾಲು ಹಾಕಿದರೆ ಸಾಕು. ಡೇಟಾ ಕೊಡುವ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಬಾಗಿಲು) ಆರಿಸುವಾಗ ಮಾತ್ರ ಅದರ ಷರತ್ತು ಪೂರ್ತಿ ಓದಿ. ಅನುಮತಿ ಇಲ್ಲದೆ ಬೇರೆಯವರ ಪುಟದಿಂದ ಕಿತ್ತು ತರಬೇಡಿ.

ನಿಜವಾದ ಕೆಲಸ ಇರುವುದು ಟೂಲಿನ ವಿವರಣೆಯಲ್ಲಿ. ಏಜೆಂಟಿಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ವಿವರಣೆ, ಏನೇನು ಕೊಡಬೇಕು ಎಂಬ ಪಟ್ಟಿ, ಇಷ್ಟೇ ಕಾಣುವುದು. ನಾನು ಮೊದಲು "ಗಾಲ್ಫ್ ರ‍್ಯಾಂಕಿಂಗ್ ಕೊಡುತ್ತದೆ" ಎಂದಷ್ಟೇ ಬರೆದಿದ್ದೆ. ಏಜೆಂಟ್ ಒಮ್ಮೆ ಟೂಲ್ ಕರೆಯುತ್ತಿತ್ತು, ಇನ್ನೊಮ್ಮೆ ಸುಮ್ನೆ ನೆನಪಿನಿಂದ ಹೇಳುತ್ತಿತ್ತು. ಆಮೇಲೆ ಹೀಗೆ ಬದಲಿಸಿದೆ: "ಯಾವುದೇ ಆಟಗಾರರ ರ‍್ಯಾಂಕು ಕೇಳಿದರೂ ನೆನಪಿನಿಂದ ಹೇಳಬೇಡ, ಈ ಟೂಲ್ ಕರೆ. ಉತ್ತರದಲ್ಲಿ ಪಟ್ಟಿಯ ಹೆಸರು, ತಾರೀಖು ಎರಡನ್ನೂ ಹೇಳು." ಅಲ್ಲಿಂದ ಸರಿಹೋಯಿತು.

ಪಟ್ಟಿ ಮತ್ತು ತಾರೀಖು ಯಾಕೆ ಬೇಕು ಅಂತ ಅಡಿಕೆ ಬೆಳೆಯುವವರಿಗೆ ಹೇಳಬೇಕಿಲ್ಲ. ರೇಟು ಎಷ್ಟು ಎಂದರೆ ರಾಶಿಯದೋ ಚಾಲಿಯದೋ, ಇವತ್ತಿನದೋ ನಿನ್ನೆಯದೋ ಎಂದು ಮೊದಲು ಕೇಳುತ್ತೇವೆ ಅಲ್ವಾ? ಇಲ್ಲೂ ಹಾಗೆಯೇ. ಪುರುಷರ ಅಧಿಕೃತ ವಿಶ್ವ ರ‍್ಯಾಂಕಿಂಗ್ 1986ರಿಂದ ಇದೆ, ಮಹಿಳೆಯರ ರೋಲೆಕ್ಸ್ ರ‍್ಯಾಂಕಿಂಗ್ 2006ರಿಂದ. ಎರಡೂ ಬೇರೆ ಬೇರೆ ಪಟ್ಟಿ, ಲೆಕ್ಕವೂ ಬೇರೆ. ಟೂಲಿಗೆ ಪಟ್ಟಿಯ ಹೆಸರು ಕಡ್ಡಾಯ ಮಾಡಿ. ತಾರೀಖು ಕೊಡದಿದ್ದರೆ ಕೊನೆಯ ಪಟ್ಟಿ ಬರಲಿ.

ಬರೀ ರ‍್ಯಾಂಕು ವಾಪಸ್ ಕೊಟ್ಟರೆ ಸಾಲದು. ಸರಾಸರಿ ಅಂಕ ಮತ್ತು ಆಡಿದ ಟೂರ್ನಿಗಳ ಸಂಖ್ಯೆಯನ್ನೂ ಕೊಡಿ. ಮಾವನ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ಈ ವಾರ ಆಡಲೇ ಇಲ್ಲ, ಆದರೂ ಕೆಳಗೆ ಇಳಿದ, ಯಾಕೆ?" ಗಳಿಸಿದ ಅಂಕಕ್ಕೆ 13 ವಾರ ಪೂರ್ತಿ ಬೆಲೆ. ಆಮೇಲೆ 91 ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ, ಎರಡು ವರ್ಷಕ್ಕೆ ಸೊನ್ನೆ. ಉಳಿದ ಅಂಕವನ್ನು ಆಡಿದ ಟೂರ್ನಿಗಳಿಂದ ಭಾಗಿಸುತ್ತಾರೆ. ಕಡಿಮೆ ಆಡಿದ್ದರೂ ಪುರುಷರಲ್ಲಿ ಕನಿಷ್ಠ 40ರಿಂದ, ಮಹಿಳೆಯರಲ್ಲಿ ಕನಿಷ್ಠ 35ರಿಂದ ಭಾಗಿಸುತ್ತಾರೆ. ಒಬ್ಬ 25 ಟೂರ್ನಿ ಆಡಿ ಅವನ ಬಳಿ 100 ಅಂಕ ಉಳಿದಿದೆ ಎನ್ನಿ. ಸರಾಸರಿ 4 ಅಲ್ಲ, 2.5. ಈ ನಾಲ್ಕು ಮಾತು ವಿವರಣೆಯಲ್ಲಿದ್ದರೆ ಏಜೆಂಟ್ ಊಹೆ ಮಾಡುವುದು ಬಿಡುತ್ತದೆ.

ಹೆಸರಿನಲ್ಲಿ ಜಾಸ್ತಿ ಎಚ್ಚರ ಬೇಕು. 2019ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದ ಕೊರಿಯಾದ ಆಟಗಾರ್ತಿಯ ಹೆಸರು ಜಂಗ್‌ಉನ್ ಲೀ6. ಕೊರಿಯಾದ ವೃತ್ತಿಪರ ಟೂರ್‌ನಲ್ಲಿ ಅದೇ ಹೆಸರಿನವರಲ್ಲಿ ಅವರು ಆರನೆಯವರು, ಅದಕ್ಕೇ ಆ ಅಂಕಿ. ನನ್ನ ಕೋಡ್ ಹೆಸರಿನಿಂದ ಅಂಕಿಗಳನ್ನೆಲ್ಲ ಅಳಿಸಿಹಾಕುತ್ತಿತ್ತು! ಹೆಸರು ತೋರಿಸುವುದಕ್ಕೆ ಮಾತ್ರ ಇರಲಿ, ಹುಡುಕುವುದಕ್ಕೆ ಆಟಗಾರರ ಐಡಿ ಬಳಸಿ. ಇಬ್ಬರು ಸಿಕ್ಕರೆ ಒಬ್ಬರನ್ನು ಆರಿಸಬೇಡಿ, ಇಬ್ಬರನ್ನೂ ಕೊಟ್ಟು "ಯಾರು ಎಂದು ಕೇಳು" ಎಂದು ಏಜೆಂಟಿಗೆ ಹೇಳಿ. ಮಾವ ಕನ್ನಡದಲ್ಲೇ ಟೈಪ್ ಮಾಡುತ್ತಾರೆ, ಆ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ಕಳಿಸು ಎಂದೂ ಒಂದು ಸಾಲು ಸೇರಿಸಿದ್ದೇನೆ.

ಪಟ್ಟಿ ಹೊಸದಾಗುವುದು ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ. ಕೇಳಿದಾಗಲೆಲ್ಲ ಎಪಿಐ ಬಾಗಿಲು ತಟ್ಟಬೇಡಿ. ವಾರಕ್ಕೊಮ್ಮೆ ತಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟು, ನೆಟ್ಟು ಎರಡೂ ಹೋಗುತ್ತವೆ, ಹಾಗಾಗಿ ಇದು ಇನ್ನೂ ಅಗತ್ಯ.

ಏಜೆಂಟ್ ಲ್ಯಾಪ್‌ಟಾಪಿನಲ್ಲೇ ಓಡುವಂಥದ್ದಾದರೆ ಕೊನೆಗೆ ವೈಫೈ ಆಫ್ ಮಾಡಿ ಒಮ್ಮೆ ಪ್ರಶ್ನೆ ಕೇಳಿ; ನೆಟ್ ಇಲ್ಲದೆ ಓಡದಂಥದ್ದಾದರೆ ಎಪಿಐ ವಿಳಾಸವನ್ನು ಬೇಕೆಂದೇ ತಪ್ಪಾಗಿ ಕೊಟ್ಟು ಕೇಳಿ. ಫೈಲ್ ಇದ್ದರೆ "ಇದು ಇಂಥ ತಾರೀಖಿನ ಪಟ್ಟಿ, ಹೊಸದು ತರಲು ಆಗಲಿಲ್ಲ" ಎಂಬ ಉತ್ತರ ಬರಬೇಕು. ಆಮೇಲೆ ಆ ಫೈಲನ್ನೂ ಅಳಿಸಿ ಕೇಳಿ. ಆಗ "ಪಟ್ಟಿ ಸಿಗಲಿಲ್ಲ" ಎಂದೇ ಬರಬೇಕು. ಅದರ ಬದಲು ಒಂದು ನಂಬರ್ ಬಂತು ಎಂದರೆ, ವಿವರಣೆಯನ್ನು ಮತ್ತೆ ತಿದ್ದಲು ಕೂರಿ.