ಸೆನ್ಸರ್ ಇಲ್ದಿರೋ ಬ್ರಷ್‌ಲೆಸ್ ಮೋಟರ್ ನಡುಗ್ತಿದ್ರೆ ಏನ್ ನೋಡ್ಬೇಕು

ಬೆಂಗಳೂರಿನ ಎಸ್‌ಪಿ ರೋಡಿಂದ ಡ್ರೋನ್‌ಗೆ ಹಾಕೋ ಪುಟ್ಟ ಎ2212 ಮೋಟರು, ಅದನ್ನ ಓಡಿಸೋ 30 ಆಂಪ್ ಇಎಸ್‌ಸಿ (ಸ್ಪೀಡ್ ಕಂಟ್ರೋಲರ್ ಬೋರ್ಡು) ತಂದು ಮನೇಲಿ ಜೋಡಿಸಿದ್ರೆ, ತಿರುಗೋದು ಬಿಟ್ಟು ಟರ್ ಟರ್ ಅಂತ ನಡುಗ್ತಿದ್ಯಾ? ಮೋಟರ್ ಹೋಯ್ತು ಅನ್ಕೋಬೇಡಿ. ಮೊದ್ಲು ಪ್ರೊಪೆಲ್ಲರ್ ಬಿಚ್ಚಿಡಿ, ಬೆರಳಿಗೆ ಅಪಾಯ.

ಈಗ ಬ್ಯಾಟರಿ, ಇಎಸ್‌ಸಿ ಎಲ್ಲಾ ತೆಗೆದು ಮೋಟರಿನ ಮೂರು ವೈರಲ್ಲಿ ಎರಡನ್ನ ಒಂದಕ್ಕೊಂದು ಮುಟ್ಟಿಸಿ ಕೈಯಲ್ಲೇ ತಿರುಗಿಸಿ, ಬಿಗಿ ಅನ್ಸುತ್ತೆ, ಬಿಟ್ರೆ ಸಲೀಸು. ತಿರುಗೋ ಮ್ಯಾಗ್ನೆಟ್ಟು ವೈಂಡಿಂಗ್‌ನಲ್ಲಿ, ಅಂದ್ರೆ ಒಳಗಿನ ತಾಮ್ರದ ಸುರುಳಿಯಲ್ಲಿ, ವೋಲ್ಟೇಜ್ ಹುಟ್ಟಿಸ್ತಿದೆ, ಅದೇ ಬ್ಯಾಕ್ ಇಎಂಎಫ್. ವೈರ್ ಮುಟ್ಟಿಸಿದಾಗ ಅದ್ರಿಂದ ಕರೆಂಟ್ ಹರಿದು ತಿರುಗೋದನ್ನ ತಡೆಯುತ್ತೆ. ಮೂರೂ ಜೋಡಿ ಹಿಂಗೇ ನೋಡಿ, ಯಾವ್ದಾದ್ರೂ ಬಿಗಿ ಆಗ್ಲಿಲ್ಲ ಅಂದ್ರೆ ಒಳಗೆ ಎಲ್ಲೋ ಕಟ್ ಆಗಿದೆ.

ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ತಿಳಿಯೋಕೆ ಇಎಸ್‌ಸಿಗಿರೋ ಕಣ್ಣು ಈ ವೋಲ್ಟೇಜ್ ಒಂದೇ. ಒಂದು ವೈರಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಟ್ಟು ಮೂರನೇದನ್ನ ಖಾಲಿ ಬಿಟ್ಟಿರುತ್ತೆ, ಆ ಖಾಲಿ ವೈರಿನ ವೋಲ್ಟೇಜ್ ಏರ್ತಾನೋ ಇಳೀತಾನೋ ಸರಿಯಾಗಿ ಮಧ್ಯದ ಗೆರೆ ದಾಟೋದನ್ನ ಕಾಯ್ತಿರುತ್ತೆ, ಅದು ಝೀರೋ ಕ್ರಾಸಿಂಗ್, ದಾಟಿದ ಮೇಲೆ ಸುಮಾರು 30 ಎಲೆಕ್ಟ್ರಿಕಲ್ ಡಿಗ್ರಿ ಬಿಟ್ಟು ಮುಂದಿನ ಜೋಡಿಗೆ ಕರೆಂಟ್ ಬದಲಾಯಿಸುತ್ತೆ. ಇಂಥ 6 ಹೆಜ್ಜೆಗೆ ಒಂದು ಎಲೆಕ್ಟ್ರಿಕಲ್ ಸುತ್ತು, ಅಂದ್ರೆ 360 ಎಲೆಕ್ಟ್ರಿಕಲ್ ಡಿಗ್ರಿ. ಮೋಟರಲ್ಲಿ 14 ಮ್ಯಾಗ್ನೆಟ್ ಇದ್ರೆ ಅಂಥ 7 ಸೇರಿ ಶಾಫ್ಟಿನ ಒಂದು ಸುತ್ತು. 1000 ಕೆವಿ ಮೋಟರಿಗೆ (ಇಲ್ಲಿ ಕೆವಿ ಅಂದ್ರೆ ಕಿಲೋವೋಲ್ಟ್ ಅಲ್ಲ, ಲೋಡ್ ಇಲ್ದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಫುಲ್ ಚಾರ್ಜ್ ಆದ 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ) ಬ್ಯಾಟರಿ, ಅಂದ್ರೆ 12.6 ವೋಲ್ಟ್, ಲೋಡ್ ಇಲ್ದೆ ಕೊಟ್ರೆ ಸೆಕೆಂಡಿಗೆ ಹತ್ರಹತ್ರ 8,800 ಸಲ ಈ ಬದಲಾವಣೆ ನಡೀಬೇಕು, ಅಷ್ಟು ಪುಟ್ಟ ಬೋರ್ಡು ಇದನ್ನ ತಪ್ಪಿಲ್ದೆ ಮಾಡುತ್ತೆ, ನಂಗೆ ಈಗ್ಲೂ ಆಶ್ಚರ್ಯ.

ಕಷ್ಟ ಇರೋದು ಸ್ಟಾರ್ಟಿಂಗಲ್ಲಿ. ನಿಂತಿರೋ ಮೋಟರಲ್ಲಿ ಬ್ಯಾಕ್ ಇಎಂಎಫ್ ಇರಲ್ಲ, ಅದಕ್ಕೆ ಇಎಸ್‌ಸಿ ಕಣ್ಣು ಮುಚ್ಕೊಂಡೇ ಜೋಡಿಗಳನ್ನ ಒಂದಾದ್ಮೇಲೊಂದು ನಿಧಾನಕ್ಕೆ ಬದಲಾಯಿಸ್ತಾ ತಳ್ಳುತ್ತೆ, ಸ್ವಲ್ಪ ತಿರುಗಿ ಸಿಗ್ನಲ್ ಸಿಕ್ಕಿದ್ಮೇಲೆ ಅದನ್ನ ಹಿಡ್ಕೊಳ್ಳುತ್ತೆ. ಒಂದು ವೈರಿನ ಕನೆಕ್ಷನ್ ಇಲ್ಲಾಂದ್ರೆ ಹಿಡ್ಕೊಳ್ಳಕ್ಕೆ ಆಗಲ್ಲ, ಅದೇ ಆ ನಡುಕ. ಬುಲೆಟ್ ಕನೆಕ್ಟರ್ ಮೂರೂ ಎಳೆದು ನೋಡಿ, ಡೌಟ್ ಇದ್ರೆ ಸೋಲ್ಡರ್ ಮತ್ತೆ ಮಾಡಿ. ನಡುಗ್ತಿರುವಾಗ ಥ್ರಾಟಲ್ ಮಾತ್ರ ಜಾಸ್ತಿ ಮಾಡ್ಬೇಡಿ. ತಿರುಗದ ಮೋಟರಲ್ಲಿ ಕರೆಂಟನ್ನ ತಡೆಯೋಕೆ ವೈಂಡಿಂಗ್ ರೆಸಿಸ್ಟೆನ್ಸ್ ಬಿಟ್ರೆ ಏನೂ ಇರಲ್ಲ, ಅದು ತೀರಾ ಕಮ್ಮಿ, ನಾನು ಹಂಗೇ ಒತ್ತಿ ಒಂದು ಇಎಸ್‌ಸಿಯ ಮಾಸ್‌ಫೆಟ್ (ಕರೆಂಟ್ ಆನ್-ಆಫ್ ಮಾಡೋ ಟ್ರಾನ್ಸಿಸ್ಟರ್) ಸುಟ್ಟಿದ್ದೀನಿ.

ಉಲ್ಟಾ ತಿರುಗಿದ್ರೆ ಯಾವ್ದಾದ್ರೂ ಎರಡು ವೈರ್ ಅದಲು ಬದಲು ಮಾಡಿ, ಸಾಕು.

ಲೋಡ್ ಹೊತ್ಕೊಂಡು ನಿಧಾನಕ್ಕೆ ಹೊರಡ್ಬೇಕಾದ ರೋಬೋ ಚಕ್ರಕ್ಕೆ ಈ ಥರ ಇಎಸ್‌ಸಿ ಹಾಕ್ಬೇಡಿ, ಹಾಲ್ ಸೆನ್ಸರ್ ಇರೋ ಮೋಟರ್ ತಗೊಳ್ಳಿ, ಮೋಟರ್ ನಿಂತಿದ್ರೂ ಮ್ಯಾಗ್ನೆಟ್ ಎಲ್ಲಿದೆ ಅಂತ ಆ ಸೆನ್ಸರ್ ಹೇಳುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತು ನಿಂತು ಹೊರಡೋ ಎಷ್ಟೋ ಎಲೆಕ್ಟ್ರಿಕ್ ಸ್ಕೂಟರ್‌ಗಳ ಹಬ್ ಮೋಟರಲ್ಲಿ (ಚಕ್ರದ ಒಳಗೇ ಇರೋ ಮೋಟರಲ್ಲಿ) ಹಾಲ್ ಸೆನ್ಸರ್ ಇಡೋದು ಇದಕ್ಕೇನೇ.